ಕೊಠಡಿಯ ಕುಲ, ಗೋಷ್ಠಿಯ ಗೋತ್ರ

ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕಡೆಯ ಕಚೇರಿಗಳಲ್ಲಿ ಕೆಲಸ ಮಾಡುವ ಹುಡುಗ ಹುಡುಗಿಯರ ಮಾತಿಗೆ ಕಿವಿಗೊಟ್ಟರೆ, ಪದಗಳ ಬೆನ್ನು ಹತ್ತುವ ಚಟವಿರುವ ನಮ್ಮಂಥವರಿಗೆ ಒಂದು ಹೊಸ ಪದ ಮತ್ತೆ ಮತ್ತೆ ಸಿಗುತ್ತದೆ. “ಮೂರು ಗಂಟೆಗೆ ಹಡಲ್ ಬುಕ್ ಮಾಡಿದೀನಿ ಸರ್”, “ಹಡಲ್ ಖಾಲಿ ಇದ್ಯಾ ನೋಡು”, “ಅವ್ರು ಹಡಲ್‌ನಲ್ಲಿದಾರೆ, ಆಮೇಲೆ ಬನ್ನಿ”. ಇಂಗ್ಲಿಷಿನವರು ಇದನ್ನು ಹಡಲ್ ರೂಮ್ ಎಂದು ಜೋಡಿಪದವಾಗಿ ಹೇಳುತ್ತಾರೆ. ನಮ್ಮವರು ರೂಮನ್ನು ಕಳಚಿ ಹಡಲನ್ನಷ್ಟೇ ಉಳಿಸಿಕೊಂಡಿದ್ದಾರೆ, ಮೊಬೈಲ್ ಫೋನಿನ ಫೋನನ್ನು ಕಳಚಿದಂತೆ. ವಸ್ತು ಇಷ್ಟೆ: ನಾಲ್ಕು, ಬಹಳವೆಂದರೆ ಆರು ಮಂದಿ ಕೂರುವಷ್ಟು ಜಾಗ, ಗಾಜಿನ ಗೋಡೆ, ಕೂತವರ ಮುಖ ಕಾಣದಿರಲೆಂದು ಅದರ ಮೇಲೆ ಮಸುಕು ಹಾಳೆ, ಸದ್ದು ಹೀರುವ ಮೆತ್ತನೆಯ ಹಲಗೆ, ಒಂದು ಮೇಜು, ಎದುರು ಗೋಡೆಗೆ ಅಗಲವಾದ ಪರದೆ, ಅದರ ಕೆಳಗೆ ಕ್ಯಾಮೆರಾ, ಮೈಕು, ಸ್ಪೀಕರು ಮೂರೂ ಅಡಗಿರುವ ಉದ್ದನೆಯ ಪಟ್ಟಿ, ಯಾರು ಬಾಯಿ ತೆರೆದರೆ ಅವರ ಕಡೆ ತಾನಾಗಿ ನೋಟ ಹೊರಳಿಸುವಂಥದು, ಬಾಗಿಲ ಪಕ್ಕದಲ್ಲಿ ಅಂಗೈಯಗಲದ ಇನ್ನೊಂದು ಪರದೆ, ಖಾಲಿಯಿದ್ದರೆ ಹಸಿರು, ಒಳಗೆ ಜನರಿದ್ದರೆ ಕೆಂಪು. ಬುಕ್ ಮಾಡಿದವರು ಹೊತ್ತಿಗೆ ಸರಿಯಾಗಿ ಬಾರದಿದ್ದರೆ ಕೆಲವು ಕಡೆ ಆ ಪುಟ್ಟ ಪರದೆಯೇ ಅವರ ಹಕ್ಕನ್ನು ರದ್ದುಮಾಡಿ ಜಾಗವನ್ನು ಬೇರೆಯವರಿಗೆ ಬಿಟ್ಟುಕೊಡುತ್ತದೆ.

ಇದಕ್ಕೆ ಕನ್ನಡದಲ್ಲಿ ಏನು ಹೆಸರು ಎಂದರೆ ಸರ್ಕಾರಿ ಕನ್ನಡ ತನ್ನ ಬತ್ತಳಿಕೆಯಿಂದ ‘ಸಭಾ ಕೊಠಡಿ’ಯನ್ನು ತೆಗೆದು ಮುಂದಿಡುತ್ತದೆ. ಸಭೆಯೆಂದೊಡನೆ ಅಧ್ಯಕ್ಷರು, ಸ್ವಾಗತ, ಶಾಲು, ಮೈಸೂರುಪೇಟ, ವಂದನಾರ್ಪಣೆ ಎಲ್ಲವೂ ಬಂದು ಕೂರುತ್ತವೆ. ನಾಲ್ಕು ಮಂದಿ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು ಅರ್ಧ ಗಂಟೆ ತಲೆ ಕೆಡಿಸಿಕೊಳ್ಳುವುದಕ್ಕೆ ಅಷ್ಟು ದೊಡ್ಡ ಪದ ಸಲ್ಲದು. ಆದರೆ ಆ ಜೋಡಿಯ ಎರಡನೆಯ ಪದ ಮಾತ್ರ ಸುಮ್ಮನೆ ಬಿಡುವಂಥದ್ದಲ್ಲ. ಕೊಠಡಿಯ ಹಿಂದೆ ಹೊಟ್ಟೆಯಿದೆ, ಕಣಜವಿದೆ, ಅರಮನೆಯಿದೆ, ಲಾಕಪ್ಪಿದೆ. ಸ್ವಲ್ಪ ಸುತ್ತುಬಳಸಿ ಹೋದರೆ ದನದ ಕೊಟ್ಟಿಗೆಯೂ ಕವಿಗೋಷ್ಠಿಯೂ ಸಿಗುತ್ತವೆ.

ಮೊದಲು ಅದರ ಇಂದಿನ ನಡತೆಯನ್ನು ನೋಡೋಣ. ಕನ್ನಡದ ಮನೆಯೊಳಗೆ ಕೊಠಡಿ ಇಲ್ಲ. ನಮ್ಮ ಹಳೆಯ ಮನೆಗಳಲ್ಲಿ ಒಳಗಿನ ಒಂದೊಂದು ಭಾಗವೂ ಮತ್ತೊಂದು ಮನೆಯೇ: ಅಡುಗೆಮನೆ, ದೇವರಮನೆ, ಬಚ್ಚಲುಮನೆ, ನಡುಮನೆ. ಮನೆಯಲ್ಲದ್ದು ಪಡಸಾಲೆ, ಹಜಾರ, ತೊಟ್ಟಿ, ಅಟ್ಟ. ಇವೆಲ್ಲ ಕಳೆದು ಉಳಿದದ್ದು ಕೋಣೆ: ಮಲಗುವ ಕೋಣೆ, ಬಾಣಂತಿ ಕೋಣೆ, ಕತ್ತಲ ಕೋಣೆ. ಕೋಣೆಯಲ್ಲಿ ಒಂದು ಬಗೆಯ ಬೆಚ್ಚನೆ ಇದೆ, ಗುಟ್ಟೂ ಇದೆ. ಹಳ್ಳಿಯಿಂದ ಓದಲು ಬಂದ ಹುಡುಗ ಅಗ್ರಹಾರದಲ್ಲೋ ಒಂಟಿಕೊಪ್ಪಲಿನಲ್ಲೋ ‘ರೂಮು ಮಾಡುತ್ತಾನೆ’. ಸಂಸಾರಸ್ಥನಾದ ಮೇಲೆ ‘ಮನೆ ಮಾಡುತ್ತಾನೆ’. ಯಾರೂ ‘ಕೊಠಡಿ ಮಾಡುವುದಿಲ್ಲ’. ಕೊಠಡಿ ಯಾವತ್ತಿದ್ದರೂ ಸಂಸ್ಥೆಯದು: ತರಗತಿ ಕೊಠಡಿ, ಮುಖ್ಯೋಪಾಧ್ಯಾಯರ ಕೊಠಡಿ, ಪರೀಕ್ಷಾ ಕೊಠಡಿ, ಅದರೊಳಗೆ ಓಡಾಡುವ ಕೊಠಡಿ ಮೇಲ್ವಿಚಾರಕರು, ಶಸ್ತ್ರಚಿಕಿತ್ಸಾ ಕೊಠಡಿ, ನಿಯಂತ್ರಣ ಕೊಠಡಿ, ಮತಯಂತ್ರಗಳನ್ನು ಮೊಹರು ಹಾಕಿ ಇಡುವ ಭದ್ರತಾ ಕೊಠಡಿ, ವಿಧಾನಸೌಧದ ಕೊಠಡಿ ಸಂಖ್ಯೆ ಇಷ್ಟು. ಕೋಣೆಗೆ ನಂಬರಿಲ್ಲ, ಕೊಠಡಿಗೆ ನಂಬರುಂಟು. ಕೋಣೆಯಲ್ಲಿ ಇರುತ್ತೇವೆ; ಕೊಠಡಿಗೆ ಹೋಗಿ ಬರುತ್ತೇವೆ. ಬುಕ್ ಮಾಡಿ ಅರ್ಧ ಗಂಟೆಗೆ ಪಡೆಯುವ ಜಾಗವನ್ನು ಕೋಣೆ ಎಂದರೆ ಒಗ್ಗದು, ಕೊಠಡಿ ಎಂದರೆ ಒಗ್ಗುತ್ತದೆ ಎಂದು ನಮ್ಮ ಕಿವಿ ಹೇಳುವುದು ಈ ಕಾರಣಕ್ಕೇ.

ಪದದ ಮೈಕಟ್ಟೇ ಅದು ಹೊರಗಿನಿಂದ ಬಂದದ್ದೆಂದು ಸಾರುತ್ತದೆ. ಅಚ್ಚಗನ್ನಡಕ್ಕೆ ಮಹಾಪ್ರಾಣ ಒಗ್ಗದು; ಬರಹದಲ್ಲಿ ಠಕಾರವನ್ನು ಜತನದಿಂದ ಉಳಿಸಿಕೊಂಡವರೂ ಬಾಯಲ್ಲಿ ಕೊಟಡಿ, ಕೊಟ್ಡಿ, ಕೊಟ್ಟಡಿ ಎನ್ನುತ್ತಾರೆ; ತೆಲುಗಿಗೂ ಕೊಟ್ಟಡಿಯ ಪರಿಚಯವುಂಟು. ಇದರ ಹತ್ತಿರದ ತವರು ಮರಾಠಿಯ ಕೋಠಡೀ, ಹಿಂದುಸ್ತಾನಿಯ ಕೋಠರೀ. ಮರಾಠರ ಆಡಳಿತ, ಹೈದರ್ ಟಿಪ್ಪೂ ಕಾಲದ ದಫ್ತರಗಳು, 1831ರಿಂದ 1881ರವರೆಗಿನ ಕಮಿಷನರ್ ಆಳ್ವಿಕೆ ಇವುಗಳ ಬಾಗಿಲಿನಿಂದ ಕಚೇರಿ, ಹುಜೂರು, ಅಮಲ್ದಾರ, ಶಿರಸ್ತೇದಾರ, ಗುಮಾಸ್ತ, ಖಜಾನೆ, ತಿಜೋರಿಗಳು ಮೈಸೂರು ಸೀಮೆಯ ಕನ್ನಡಕ್ಕೆ ಹಿಂಡುಹಿಂಡಾಗಿ ಬಂದವಲ್ಲ, ಕೊಠಡಿಯೂ ಆ ದಿಬ್ಬಣದವಳೇ. ಕಚೇರಿಯ ಜೊತೆ ಬಂದವಳು ಕಚೇರಿಯಲ್ಲೇ ಉಳಿದಳು, ಮನೆ ಸೇರಲಿಲ್ಲ ಎಂದರೆ ಹೆಚ್ಚು ತಪ್ಪಾಗದು.

ಕೊನೆಯ ‘ಡಿ’ ಚಿಕ್ಕದೆಂಬುದನ್ನು ಸೂಚಿಸುವ ಪ್ರತ್ಯಯ. ಕೋಠಾ ಅಥವಾ ಕೋಠೀ ದೊಡ್ಡದು, ಕೋಠಡಿ ಪುಟ್ಟದು. ನಮ್ಮ ಇವತ್ತಿನ ಪುಟ್ಟ ಮಾತುಕತೆಯ ಜಾಗಕ್ಕೆ ‘ಚಿಕ್ಕ ಕೊಠಡಿ’ ಎಂದು ಬರೆದರೆ ಚಿಕ್ಕತನವನ್ನು ಎರಡು ಸಲ ಹೇಳಿದಂತೆ! ಆದರೆ ಗಡಿಯಾಚೆ ಇದೇ ಪದಕ್ಕೆ ಒದಗಿದ ಗತಿ ಬೇರೆ. ಮರಾಠಿ ಪತ್ರಿಕೆಗಳಲ್ಲಿ ‘ಪೋಲಿಸ್ ಕೋಠಡೀ’ ಎಂದರೆ ಪೊಲೀಸ್ ವಶ. ಹಿಂದಿಯ ‘ಕಾಲ್ ಕೋಠರೀ’ ಎಂದರೆ ಕತ್ತಲೆಯ ಒಂಟಿ ಸೆರೆ. ಬೆಳಗಾವಿಯಲ್ಲಿ ಎರಡೂ ಭಾಷೆಯ ಪತ್ರಿಕೆಗಳನ್ನು ಓದುವವರು ಒಂದೇ ಬೆಳಗ್ಗೆ ಒಂದರಲ್ಲಿ ಆರೋಪಿಗೆ ಮೂರು ದಿನ ಕೋಠಡಿ ಸಿಕ್ಕಿದ್ದನ್ನೂ ಇನ್ನೊಂದರಲ್ಲಿ ಸರ್ಕಾರಿ ಶಾಲೆಗೆ ಮೂರು ಕೊಠಡಿ ಮಂಜೂರಾದದ್ದನ್ನೂ ಓದಬಹುದು.

ಇನ್ನೂ ಹಿಂದಕ್ಕೆ ಹೋದರೆ ಪ್ರಾಕೃತದ ಕೊಟ್ಠ, ಅದರಾಚೆ ಸಂಸ್ಕೃತದ ಕೋಷ್ಠ. ಅಮರಸಿಂಹ ತನ್ನ ಕೋಶದ ನಾನಾರ್ಥವರ್ಗದಲ್ಲಿ ಇದಕ್ಕೆ ಮೂರು ಅರ್ಥ ಕೊಡುತ್ತಾನೆ: ಹೊಟ್ಟೆಯ ಒಳಗು, ಕಾಳು ತುಂಬುವ ಕಣಜ, ಒಳಮನೆ. ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಪದದ ತಿರುಳು ಕಾಣುತ್ತದೆ. ಏನನ್ನೋ ಒಳಗೆ ಹಾಕಿಕೊಂಡು, ಸುತ್ತ ಮುಚ್ಚಿ, ಬೇಕಾದಾಗ ಹೊರಗೆ ಬಿಡುವಂಥದ್ದು. ಕುಕ್ಷಿ, ಕೋಶ ಎಂಬ ಪದಗಳೊಂದಿಗೆ ಇದಕ್ಕೆ ರಕ್ತಸಂಬಂಧ ಇರಬಹುದೆಂದು ಹಲವು ವಿದ್ವಾಂಸರ ಎಣಿಕೆ. ಆಯುರ್ವೇದದವರು ಮೊದಲ ಅರ್ಥವನ್ನು ಬಿಟ್ಟುಕೊಟ್ಟೇ ಇಲ್ಲ. ಚರಕ ಸಂಹಿತೆ ಕೋಷ್ಠದೊಳಗಿನ ಅಂಗಗಳನ್ನು 15 ಎಂದು ಎಣಿಸುತ್ತದೆ. ಮೃದುಕೋಷ್ಠ, ಮಧ್ಯಕೋಷ್ಠ, ಕ್ರೂರಕೋಷ್ಠ ಎಂದು ಮನುಷ್ಯರನ್ನೇ ವಿಂಗಡಿಸುತ್ತದೆ. ಸಯ್ಯಾಜಿರಾವ್ ರಸ್ತೆಯ ಆಯುರ್ವೇದ ಕಾಲೇಜಿನ ಆಸ್ಪತ್ರೆಯಲ್ಲಿ ವೈದ್ಯರು ಕೋಷ್ಠ ಹೇಗಿದೆ ಎಂದು ವಿಚಾರಿಸಿದರೆ ಅದು ರೋಗಿ ಮಲಗಿರುವ ವಾರ್ಡಿನ ವಿಚಾರವಲ್ಲ. ಕ್ರೂರಕೋಷ್ಠದವನಿಗೆ ಹರಳೆಣ್ಣೆಯೂ ಬೇಗ ನಾಟುವುದಿಲ್ಲವಂತೆ.

ಎರಡನೆಯ ಅರ್ಥ ಇನ್ನೂ ಹುಲುಸು. ಗೋರಖಪುರದ ಹತ್ತಿರದ ಸೋಹ್‌ಗೌರಾದಲ್ಲಿ ಸಿಕ್ಕ, ಮೌರ್ಯರ ಕಾಲದ್ದೆಂದು ಸಾಮಾನ್ಯವಾಗಿ ಎಣಿಸುವ ಲೋಹದ ಫಲಕವೊಂದು ಎರಡು ‘ಕೋಠಾಗಾಲ’ಗಳ ಮಾತಾಡುತ್ತದೆ, ಆಪತ್ತಿನ ಹೊತ್ತಿಗೆಂದು ದವಸ ಕೂಡಿಟ್ಟ ಉಗ್ರಾಣಗಳು. ಅದೇ ಸಂಸ್ಕೃತದ ಕೋಷ್ಠಾಗಾರ. ಅದು ದಕ್ಷಿಣಕ್ಕೆ ಬಂದು ಸವೆದು ಕೊಟ್ಟಾರ, ಕೊಟಾರ ಆಯಿತು. ಕಣಜ, ವಾಡೆ, ಹಗೇವು, ಗುಡಾಣ ಎಂದು ಕಾಳಿನ ಮನೆಗಳಿಗೆ ಬೇಕಾದಷ್ಟು ಹೆಸರುಳ್ಳ ಕನ್ನಡಿಗ ರೈತ ಕೊಟ್ಟಾರವನ್ನು ಅರಸರಿಗೂ ದೇವಸ್ಥಾನಗಳಿಗೂ ಬಿಟ್ಟುಕೊಟ್ಟ. ಮಂಗಳೂರಿನ ಕೊಟ್ಟಾರ ಎಂಬ ಬಡಾವಣೆಯ ಹೆಸರಿನಲ್ಲಿ ಆ ಪದದ ನೆರಳು ಈಗಲೂ ಬಿದ್ದಂತಿದೆ. ಮಲಯಾಳದಲ್ಲಿ ಇದೇ ಕೊಟ್ಟಾರಂ ಅರಮನೆಯ ಅರ್ಥಕ್ಕೆ ಏರಿತು. ಧಾನ್ಯವಿದ್ದವನೇ ದೊರೆ ತಾನೆ? ಉತ್ತರದಲ್ಲಿ ಕೋಠಿ ವರ್ತಕರ ಮಳಿಗೆಯಾಗಿ, ಆಮೇಲೆ ಸಾಹೇಬರ ಬಂಗಲೆಯಾಗಿ, ಹೈದರಾಬಾದಿನಲ್ಲಿ ಒಂದು ಬಡಾವಣೆಯೇ ಆಗಿ ಕೂತಿತು. ಉಗ್ರಾಣದ ಮೇಲ್ವಿಚಾರಕ ಕೊಠಾರಿಯಾದ, ಆ ಹುದ್ದೆ ಮನೆತನದ ಹೆಸರಾಯಿತು. 1964ರಿಂದ 1966ರವರೆಗೆ ದೇಶದ ಶಿಕ್ಷಣ ಆಯೋಗದ ಅಧ್ಯಕ್ಷರಾಗಿದ್ದವರು ದೌಲತ್ ಸಿಂಗ್ ಕೊಠಾರಿ. ಆ ವರದಿಯ ಮೊದಲ ಮಾತೇ ತರಗತಿಯ ಕೊಠಡಿಯ ಕುರಿತು ಎಂಬುದು ಶುದ್ಧ ಕಾಕತಾಳೀಯ, ಆದರೂ ನಮ್ಮಂಥ ಪದಲೋಲುಪರಿಗೆ ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು.

ಕೋಷ್ಠಾಗಾರದ ಮಾತು ಬಂದ ಮೇಲೆ ಕೃಷ್ಣರಾಜ ಬುಲೆವಾರ್ಡಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ ಹೋಗಲೇಬೇಕು. 1891ರಲ್ಲಿ ಆರಂಭವಾದ ಆ ಸಂಸ್ಥೆಗೆ ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ತಾಳೆಗರಿಯ ಕಟ್ಟಿನಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. 1909ರಲ್ಲಿ ಮೂಲವನ್ನು ಅಚ್ಚು ಹಾಕಿಸಿದರು. ಅದರ ಎರಡನೆಯ ಅಧಿಕರಣದಲ್ಲಿ ಕೋಷ್ಠಾಗಾರಾಧ್ಯಕ್ಷನಿಗೆ ಒಂದಿಡೀ ಅಧ್ಯಾಯವೇ ಇದೆ. ಅಕ್ಕಿ, ಎಣ್ಣೆ, ಬೆಲ್ಲ, ಉಪ್ಪು, ತೂಕ ಅಳತೆಗಳ ಲೆಕ್ಕ. ಆದರೆ ನಮ್ಮ ವಿಷಯಕ್ಕೆ ಬೇಕಾದದ್ದು ಮೊದಲನೆಯ ಅಧಿಕರಣದ ಮಂತ್ರಾಧಿಕಾರ. ಮಂತ್ರ ಎಂದರೆ ಇಲ್ಲಿ ಜಪದ ಮಂತ್ರವಲ್ಲ, ರಾಜಕಾರ್ಯದ ಆಲೋಚನೆ. ಆ ಆಲೋಚನೆಯ ಜಾಗ ಹೇಗಿರಬೇಕು? ಸುತ್ತ ಮುಚ್ಚಿರಬೇಕು, ಒಳಗಿನ ಮಾತು ಹೊರಗೆ ಸೋರಬಾರದು, ಹಕ್ಕಿಗಳ ಕಣ್ಣಿಗೂ ಬೀಳಬಾರದು ಎನ್ನುತ್ತಾನೆ ಕೌಟಿಲ್ಯ. ಗಿಳಿಗಳೂ ಗೊರವಂಕಗಳೂ, ಅಷ್ಟೇಕೆ ನಾಯಿಗಳೂ ಗುಟ್ಟು ಬಯಲುಮಾಡಿದ ಕತೆಗಳು ಅವನ ಕಾಲಕ್ಕಾಗಲೇ ಇದ್ದವು. ಸದ್ದು ಹೀರುವ ಹಲಗೆ, ಗಾಜಿನ ಮೇಲಿನ ಮಸುಕು ಹಾಳೆ ಎರಡಕ್ಕೂ ಇದಕ್ಕಿಂತ ಹಳೆಯ ಶಾಸ್ತ್ರಾಧಾರ ಬೇಕೆ?

ಒಳಗೆ ಎಷ್ಟು ಜನ ಇರಬೇಕೆಂಬ ಚರ್ಚೆಯಂತೂ ಇನ್ನೂ ಸೊಗಸು. ಕೌಟಿಲ್ಯ ಹೆಸರಿಸುವ ಹಿಂದಿನ ಆಚಾರ್ಯರಲ್ಲಿ ಭಾರದ್ವಾಜರ ಮತದಂತೆ ಅರಸ ಒಬ್ಬನೇ ಕೂತು ಆಲೋಚಿಸಬೇಕು, ಏಕೆಂದರೆ ಮಂತ್ರಿಗೂ ಮಂತ್ರಿಯಿರುತ್ತಾನೆ, ಅವನಿಗೂ ಒಬ್ಬನಿರುತ್ತಾನೆ, ಹೀಗೆ ಸರಪಳಿ ಹಿಡಿದು ಗುಟ್ಟು ಊರು ಸೇರುತ್ತದೆ. ವಿಶಾಲಾಕ್ಷರು ಒಬ್ಬನ ಬುದ್ಧಿ ಯಾವುದಕ್ಕೂ ಸಾಲದು ಎನ್ನುತ್ತಾರೆ. ಕೌಟಿಲ್ಯನ ತೀರ್ಪು ಮೂವರು ಅಥವಾ ನಾಲ್ವರು. ಒಬ್ಬನೇ ಮಂತ್ರಿಯಾದರೆ ಅವನು ಮನಬಂದಂತೆ ನಡೆಯುತ್ತಾನೆ, ಇಬ್ಬರಾದರೆ ಒಂದಾಗಿ ದೊರೆಯನ್ನು ಕಟ್ಟಿಹಾಕುತ್ತಾರೆ ಇಲ್ಲವೇ ಜಗಳವಾಡಿ ಕೆಲಸ ಕೆಡಿಸುತ್ತಾರೆ, ನಾಲ್ವರಿಗಿಂತ ಹೆಚ್ಚಾದರೆ ತೀರ್ಮಾನವೂ ಕಷ್ಟ, ಗುಟ್ಟೂ ಕಷ್ಟ. ಇಷ್ಟು ಹೇಳಿ, ಹತ್ತಿರವಿದ್ದವರೊಡನೆ ಎದುರೆದುರು ಕೂತು, ದೂರವಿದ್ದವರೊಡನೆ ಪತ್ರ ಕಳಿಸಿ ಆಲೋಚಿಸಲಿ ಎಂದೂ ಸೇರಿಸುತ್ತಾನೆ. ಮೇಜಿನ ಸುತ್ತ ಮೂವರು, ಪರದೆಯ ಮೇಲೆ ಪುಣೆಯಿಂದಲೋ ಷಿಕಾಗೋದಿಂದಲೋ ಇಬ್ಬರು ಎಂಬ ಇವತ್ತಿನ ಏರ್ಪಾಡಿನಲ್ಲಿ ಬದಲಾದದ್ದು ಓಲೆಯೊಂದೇ.

ಈ ಮಂತ್ರ ಕನ್ನಡದಲ್ಲಿ ಮಂತಣವಾಯಿತು, ಮಂತ್ರಣದ ತದ್ಭವ. ಮಂತಣ ನಡೆಯುವ ತಾಣಕ್ಕೆ ಹಳಗನ್ನಡದಲ್ಲಿ ಮಂತಣಸಾಲೆ ಎಂಬ ಪದವೇ ಇತ್ತು. ಎಷ್ಟು ಚೆನ್ನಾದ ಪದ! ಹಡಲ್‌ಗೆ ಇದಕ್ಕಿಂತ ತಕ್ಕ ಹೆಸರು ಬೇಡ. ಇನ್ನೂ ಒಂದಿದೆ, ಓವರಿ. ಸಂಸ್ಕೃತದ ಅಪವರಕ ಪ್ರಾಕೃತದಲ್ಲಿ ತೆಳ್ಳಗಾಗಿ ಹಳಗನ್ನಡದಲ್ಲಿ ಓವರಿಯಾಗಿ ಒಳಕೋಣೆ, ಅಂತರಂಗದ ಕೋಣೆ ಎಂಬ ಅರ್ಥದಲ್ಲಿ ನೆಲೆನಿಂತಿತು, ಮರಾಠಿಯಲ್ಲಿ ಗುಡಿಯ ಅಂಗಳದ ಸುತ್ತಣ ಸಣ್ಣ ಸಣ್ಣ ಕೈಸಾಲೆಗಳಿಗೆ ಓವರೀ ಎಂದಾಯಿತು. ಓವರಿ ನಮ್ಮ ಮಾತಿನಿಂದ ಪೂರ್ತಿ ಹೊರಟುಹೋಗಿದೆ, ಕರೆದರೆ ಬರುವಂತಿಲ್ಲ. ಮಂತಣದ ವಿಷಯದಲ್ಲಿ ನಾನು ಅಷ್ಟು ನಿರಾಶನಲ್ಲ. ನಾಣ್ಯ ಟಂಕಿಸುವ ಜಾಗಕ್ಕಿದ್ದ ಕಮ್ಮಟ ಎಂಬ ಹಳೆಯ ಪದವನ್ನು ಎಬ್ಬಿಸಿ ತಂದು ಕಾವ್ಯ ಕಮ್ಮಟ, ರಂಗ ಕಮ್ಮಟ ಎಂದು ಬಳಸಿದ್ದು ಕಳೆದ ಶತಮಾನದಲ್ಲಿ. ಈಗ ಅದು ಹಳೆಯದೆಂದು ಯಾರಿಗೂ ಅನಿಸುವುದಿಲ್ಲ.

ಕೋಷ್ಠದ ಸಂತಾನದಲ್ಲಿ ಇನ್ನೂ ಇಬ್ಬರನ್ನು ಮಾತಾಡಿಸಬೇಕು. ಒಬ್ಬ ಕೋಷ್ಠಕ, ಕನ್ನಡಿಗರ ಕೈಯಲ್ಲಿ ಮಹಾಪ್ರಾಣ ಕಳೆದುಕೊಂಡು ಕೋಷ್ಟಕ. ಸಣ್ಣ ಸಣ್ಣ ಮನೆಗಳಾಗಿ ಗೆರೆ ಎಳೆದು ಒಂದೊಂದರಲ್ಲಿ ಒಂದೊಂದು ಅಂಕಿ ಕೂಡಿಸುವುದೆಂದರೆ ಕಾಳು ತುಂಬುವ ಕೆಲಸವೇ. ಗುಣಾಕಾರದ ಕೋಷ್ಟಕ, ರಸಾಯನಶಾಸ್ತ್ರದ ಆವರ್ತ ಕೋಷ್ಟಕ ನಮಗೆ ಶಾಲೆಯಿಂದ ಗೊತ್ತು. ಮರಾಠಿ ಹಿಂದಿಗಳಲ್ಲಿ ಕೋಷ್ಠಕ ಎಂದರೆ ಆವರಣ ಚಿಹ್ನೆಯೂ ಹೌದು. ಹಡಲ್‌ನ ಪರದೆಯ ಮೇಲೆ ದಿನವೂ ಅರಳುವುದು ಏನು? ಎಕ್ಸೆಲ್ಲಿನ ಕೋಷ್ಟಕ. ಕೊಠಡಿಯೊಳಗೆ ಕೋಷ್ಟಕ, ಒಂದೇ ಅಜ್ಜಿಯ ಮೊಮ್ಮಕ್ಕಳು, ಒಬ್ಬಳು ಮರಾಠಿ ಹಾದಿಯಲ್ಲಿ, ಒಬ್ಬ ನೇರವಾಗಿ ಸಂಸ್ಕೃತದಿಂದ ಬಂದವನು. ಇನ್ನೊಬ್ಬ ಪ್ರಕೋಷ್ಠ. ಮೊಣಕೈಯಿಂದ ಮಣಿಕಟ್ಟಿನವರೆಗಿನ ಮುಂಗೈಗೂ, ಅರಮನೆಯ ಬಾಗಿಲ ಬಳಿಯ ಕೋಣೆಗೂ ಹೆಸರಾಗಿದ್ದವನು ಈಗ ರಾಜಕೀಯ ಪಕ್ಷಗಳ ಕಚೇರಿ ಸೇರಿದ್ದಾನೆ. ವೈದ್ಯರ ಪ್ರಕೋಷ್ಠ, ವಕೀಲರ ಪ್ರಕೋಷ್ಠ, ಮೀನುಗಾರರ ಪ್ರಕೋಷ್ಠ. ಪತ್ರಿಕೆಯಲ್ಲಿ ಅದನ್ನು ಪ್ರಕೋಪ ಎಂದು ಓದಿಕೊಂಡವರನ್ನು ನಾನು ಬಲ್ಲೆ.

ಈಗ ಕೊಟ್ಟಿಗೆ. ಇದು ಕೋಷ್ಠಕದ ತದ್ಭವವೋ, ದ್ರಾವಿಡದ ಸ್ವಂತದ್ದೋ? ತಮಿಳಿನ ಕೊಟ್ಟಿಲ್, ಕೊಟ್ಟಗೈ, ಮಲಯಾಳದ ಕೊಟ್ಟಿಲ್, ತೆಲುಗಿನ ಕೊಟ್ಟಮು, ತುಳುವಿನ ಕೊಟ್ಯ ಎಲ್ಲವೂ ಚಪ್ಪರ, ಗುಡಿಸಲು, ಲಾಯ, ದನದ ಮನೆ ಎಂಬ ಅರ್ಥಗಳ ಸುತ್ತ ತಿರುಗುತ್ತವೆ. ಹಿಂದೆ ತಮಿಳುನಾಡಿನ ಹಳ್ಳಿಗಳಲ್ಲಿ ಸಿನಿಮಾ ತೋರಿಸಿದ್ದೂ ಕೊಟ್ಟಗೈಯಲ್ಲೇ. ಇಷ್ಟು ವ್ಯಾಪಕವಾಗಿ, ಇಷ್ಟು ಮನೆಮಾತಾಗಿ ಹರಡಿರುವ ಪದಕ್ಕೆ ಸಂಸ್ಕೃತದ ಸಾಲ ಹೊರಿಸುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಕೊಟ್ಟಿಗೆಯೂ ಕೊಟ್ಠವೂ ಬೇರೆಬೇರೆ ಊರಿನವರು, ಒಂದೇ ಮುಖಚರ್ಯೆಯ ಕಾರಣ ಜನ ಅಣ್ಣತಮ್ಮಂದಿರೆಂದು ತಿಳಿದರು ಎಂಬ ಪಕ್ಷದಲ್ಲಿ ನಾನಿದ್ದೇನೆ. ಇದಕ್ಕೆ ಎದುರು ಪಕ್ಷವೂ ಬಲವಾಗಿಯೇ ಇದೆ.

ಮುಖಚರ್ಯೆಯ ಗೊಂದಲಕ್ಕೆ ಇನ್ನೊಂದು ಕಾರಣ ಗೋಷ್ಠ. ಗೋವುಗಳು ನಿಲ್ಲುವ ಜಾಗ ಗೋಷ್ಠ; ಮರಾಠಿಯಲ್ಲಿ ಅದೇ ಗೋಠಾ, ದನದ ಕೊಟ್ಟಿಗೆ. ಅಲ್ಲಿಂದ ಹುಟ್ಟಿದ ಗೋಷ್ಠಿ ಎಲ್ಲಿಗೆ ಹೋಯಿತು ನೋಡಿ! ದನ ಸೇರುವಲ್ಲಿ ದನ ಕಾಯುವವರು ಸೇರಿದರು, ಸೇರಿದವರು ಸುಮ್ಮನಿರದೆ ಮಾತಿಗೆ ಕೂತರು, ಕೂಟವೇ ಗೋಷ್ಠಿಯಾಯಿತು. ವಾತ್ಸ್ಯಾಯನನ ಕಾಮಸೂತ್ರದ ಹೊತ್ತಿಗೆ ಅದು ನಾಗರಿಕರು ಕಾವ್ಯ ಕಲೆಗಳ ಚರ್ಚೆಗೆ ಸೇರುವ ಸುಖದ ಕೂಟ. ಕನ್ನಡದಲ್ಲಿ ಅದು ಗೊಟ್ಟಿಯಾಗಿ ಬಂತು. ಪಂಪ ವಿಕ್ರಮಾರ್ಜುನ ವಿಜಯದಲ್ಲಿ ಬನವಾಸಿಯನ್ನು ನೆನೆದು ಮನುಷ್ಯರಾಗಿ ಹುಟ್ಟಿದವರಿಗೆ ಬೇಕಾದ ಸುಖಗಳನ್ನು ಹೇಳುವಾಗ ಗೊಟ್ಟಿಯನ್ನು ಬಿಡದೆ ಸೇರಿಸುತ್ತಾನೆ. ಮೇಲುಕೋಟೆಯ ಶ್ರೀವೈಷ್ಣವರಲ್ಲಿ ದೇವರ ಮುಂದೆ ಸಾಲಾಗಿ ನಿಂತು ಪ್ರಬಂಧ ಪಾರಾಯಣ ಮಾಡುವ ಗುಂಪೇ ಗೋಷ್ಠಿ. ಅದು ಮುಗಿದ ಮೇಲೆ ಪ್ರಸಾದ ಹಂಚುವುದು ಗೋಷ್ಠಿ ವಿನಿಯೋಗ. ಮೈಸೂರು ದಸರೆಗೆ ಕವಿಗೋಷ್ಠಿ, ಸಾಹಿತ್ಯ ಸಮ್ಮೇಳನಕ್ಕೆ ವಿಚಾರಗೋಷ್ಠಿ, ರಾಜಕಾರಣಿಗಳಿಗೆ ಸುದ್ದಿಗೋಷ್ಠಿ. ಮರಾಠಿಗರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಕೂಟವನ್ನು ಬಿಟ್ಟು ಕೂಟದ ಮಾತನ್ನು ಹಿಡಿದರು; ಅವರಲ್ಲಿ ಗೋಷ್ಟ ಎಂದರೆ ಕತೆ, ಸಂಗತಿ. ಗೋತ್ರವೂ ವೇದದಲ್ಲಿ ದನದ ದೊಡ್ಡಿಯೇ. ಗವೇಷಣೆಯೂ ದನ ಹುಡುಕುವುದೇ. ಸಂಶೋಧಕರೆಂದು ಬೀಗುವವರು ಇದನ್ನು ಆಗಾಗ ನೆನೆಯುವುದು ಒಳ್ಳೆಯದು.

ಹಡಲ್ ಕೂಡ ಹಿಂಡಿನ ಪದವೇ. ಚಳಿಗೋ ಹೆದರಿಕೆಗೋ ದನಕುರಿಗಳು ಮೈಗೆ ಮೈ ಒತ್ತಿ ನಿಲ್ಲುವುದಕ್ಕೆ ಇಂಗ್ಲಿಷಿನಲ್ಲಿ ಅದನ್ನೇ ಹೇಳುತ್ತಾರೆ. 16ನೇ ಶತಮಾನದ ಕೊನೆಗೆ ಬರಹಕ್ಕೆ ಬಂದ ಈ ಪದಕ್ಕೆ ಅಡಗಿಸು, ಒತ್ತರಿಸು, ಗುಡ್ಡೆಹಾಕು ಎಂಬ ಅರ್ಥಗಳಿದ್ದವು; ಬಚ್ಚಿಡುವ ಅರ್ಥದ ಹೈಡ್ ಎಂಬುದರೊಡನೆ ನಂಟಿರಬಹುದೆಂಬ ಊಹೆಯೂ ಉಂಟು. ಇದು ಆಲೋಚನೆಯ ಕೂಟವಾದದ್ದು ಅಮೆರಿಕದ ಫುಟ್‌ಬಾಲ್ ಮೈದಾನದಲ್ಲಿ. ವಾಷಿಂಗ್ಟನ್ನಿನ ಗ್ಯಾಲೊಡೆಟ್ ಕಿವುಡರ ಕಾಲೇಜಿನ ತಂಡ ಕೈಸನ್ನೆಯಲ್ಲೇ ಮಾತಾಡುತ್ತಿತ್ತು. ಎದುರಾಳಿಗಳೂ ಸನ್ನೆ ಬಲ್ಲವರಾದರೆ ಗುಟ್ಟು ಉಳಿಯುವುದು ಹೇಗೆ? 1890ರ ದಶಕದಲ್ಲಿ ಆ ತಂಡದ ಪಾಲ್ ಹಬ್ಬರ್ಡ್ ಆಟಗಾರರನ್ನು ವೃತ್ತವಾಗಿ ಬಾಗಿ ನಿಲ್ಲಿಸಿ ಬೆನ್ನುಗಳನ್ನೇ ಗೋಡೆ ಮಾಡಿದ ಎಂದು ಅಲ್ಲಿನವರು ಅವನಿಗೆ ಆ ಕೀರ್ತಿ ಕೊಡುತ್ತಾರೆ. ಕೌಟಿಲ್ಯ ಕಿವಿಗೆ ಹೆದರಿದ, ಹಬ್ಬರ್ಡ್ ಕಣ್ಣಿಗೆ. ನಮ್ಮ ಗಾಜಿನ ಪೆಟ್ಟಿಗೆಯ ಎದುರು ಗೋಡೆಯಲ್ಲಿ ಕಣ್ಣೂ ಕಿವಿಯೂ ಒಂದೇ ಪಟ್ಟಿಯಲ್ಲಿ ಕೂತಿವೆ, ನಾವೇ ಕೂಡಿಸಿದ್ದು.

ಆ ಕಣ್ಣಿನ ಹೆಸರು ಇನ್ನೂ ಸ್ವಾರಸ್ಯ. ಗ್ರೀಕಿನ ಕಮಾರ ಎಂದರೆ ಕಮಾನಿನ ಛಾವಣಿ. ಲ್ಯಾಟಿನ್ನಿನ ಕ್ಯಾಮೆರಾ ಎಂದರೆ ಅಂಥ ಛಾವಣಿಯ ಕೋಣೆ. ಪೋರ್ಚುಗೀಸರ ಬಾಯಿಂದ ಅದು ಹಿಂದುಸ್ತಾನಿಗೆ ಕಮ್ರಾ ಆಯಿತು. ಒಂದೇ ಕೋಣೆಯಲ್ಲಿ ಉಳಿದವನು ಸ್ಪ್ಯಾನಿಷಿನಲ್ಲಿ ಕಾಮರಾದ, ನಮ್ಮ ಎಡಪಕ್ಷದ ಕಾಮ್ರೇಡ್. ಫ್ರೆಂಚಿನ ದಾರಿ ಹಿಡಿದದ್ದು ಚೇಂಬರ್: ವಕೀಲರ ಚೇಂಬರ್, ಪ್ರಾಂಶುಪಾಲರು “ಚೇಂಬರಿಗೆ ಬಾ” ಎಂದಾಗ ನಡುಕ ಹುಟ್ಟಿಸುವ ಚೇಂಬರ್, ಸಿನಿಮಾದವರು ಮಾತೆತ್ತಿದರೆ ದೂರು ಒಯ್ಯುವ ಚೇಂಬರ್. ಕೆಪ್ಲರನು 1604ರಲ್ಲಿ ಕತ್ತಲೆಯ ಕೋಣೆ ಎಂಬರ್ಥದ ಕ್ಯಾಮೆರಾ ಅಬ್ಸ್‌ಕ್ಯೂರಾ ಎಂಬ ಜೋಡಿಪದವನ್ನು ಬಳಸಿದ. ಗೋಡೆಯ ಸಣ್ಣ ತೂತಿನಿಂದ ಬೆಳಕು ಬಂದು ಹೊರಗಿನ ನೋಟ ತಲೆಕೆಳಗಾಗಿ ಎದುರು ಗೋಡೆಗೆ ಬೀಳುವ ಕೋಣೆ ಅದು. ಆಮೇಲೆ ಕತ್ತಲೆ ಉದುರಿ ಕೋಣೆಯಷ್ಟೇ ಉಳಿಯಿತು, ನಮ್ಮವರು ಹಡಲ್‌ಗೆ ಮಾಡಿದ್ದಕ್ಕೆ ಸರಿಯಾಗಿ ತಿರುಗುಮುರುಗು. ನ್ಯಾಯಾಲಯ ಮಾತ್ರ ಲ್ಯಾಟಿನ್ನಿನ ಹಳೆಯ ಅರ್ಥವನ್ನೇ ಹಿಡಿದುಕೊಂಡಿದೆ. 1973ರ ದಂಡ ಪ್ರಕ್ರಿಯಾ ಸಂಹಿತೆಯ 327ನೇ ಕಲಮಿನಂತೆ ಕೆಲವು ಮೊಕದ್ದಮೆಗಳು ‘ಇನ್ ಕ್ಯಾಮೆರಾ’ ನಡೆಯಬೇಕಿತ್ತು, ಅಂದರೆ ಹೊರಗಿನವರಿಗೆ ಬಾಗಿಲು ಮುಚ್ಚಿ. ಪತ್ರಿಕೆ ಓದುವ ಎಷ್ಟೋ ಜನ ಅದನ್ನು ವಿಡಿಯೊ ತೆಗೆದು ನಡೆಸುವ ವಿಚಾರಣೆ ಎಂದೇ ತಿಳಿದಿದ್ದಾರೆ. ಗೌಪ್ಯ ವಿಚಾರಣೆ ಎಂಬ ಕನ್ನಡವೇ ಅಲ್ಲಿ ಲೇಸು. ಹಾಗೆ ನೋಡಿದರೆ ಹಡಲ್ ಎಂಬುದು ಕೊಠಡಿಯೊಳಗೊಂದು ಕೊಠಡಿ, ಮತ್ತು ಒಳಗಿನ ಕೊಠಡಿಯೇ ಹೊರಗಿನದರ ಗುಟ್ಟನ್ನು ಹೊರಗೆ ಸಾಗಿಸುತ್ತದೆ.

ಹೆಸರಿನ ಪ್ರಶ್ನೆಗೆ ಮರಳುವುದಾದರೆ, ಗೋಷ್ಠಿ ಕೊಠಡಿ ಎಂದು ಬರೆಯುವ ಆಸೆ ನನಗೂ ಆಗಿತ್ತು. ಗೋಷ್ಠಿ ಈಗ ವೇದಿಕೆ ಏರಿಬಿಟ್ಟಿದೆ, ಬ್ಯಾನರಿಲ್ಲದೆ ಇಳಿಯುವುದಿಲ್ಲ. ಮಂತಣದ ಕೊಠಡಿ ಎಂದರೆ ಅಳತೆಯೂ ಸರಿ, ಹದವೂ ಸರಿ. ಕಚೇರಿಯ ಬಾಗಿಲ ಮೇಲೆ ಮಂತಣ 1, ಮಂತಣ 2 ಎಂದು ಬರೆಸಿದರೆ ಚೆನ್ನಾಗಿ ಕಾಣುತ್ತದೆ, ನಾಲಿಗೆಗೂ ಭಾರವಲ್ಲ. ಬಾಯಿಮಾತಿನಲ್ಲಿ ಹಡಲ್ ಇದ್ದರೆ ಇರಲಿ. ಅದು ಕನ್ನಡದಲ್ಲಿ ನೆಲೆನಿಂತಿತೋ ಇಲ್ಲವೋ ಎಂದು ತಿಳಿಯಲು ನಮ್ಮಲ್ಲಿ ಹಳೆಯ ಪರೀಕ್ಷೆಯೊಂದಿದೆ: ಕೊನೆಗೆ ಉಕಾರ ಬರಬೇಕು. ಬಸ್ಸಿಗೆ ಬಂತು, ಕಾರಿಗೆ ಬಂತು, ರೂಮಿಗೂ ಹೋಟೆಲಿಗೂ ಬಂತು. ಹಡಲ್ ಇನ್ನೂ ‘ಹಡಲ್‌ಗೆ’, ‘ಹಡಲ್‌ನಲ್ಲಿ’ ಎಂದು ಅರ್ಧಾಕ್ಷರದ ಮೇಲೆ ತಡವರಿಸುತ್ತಿದೆ. ನಾಳೆ ಯಾರಾದರೂ ಹಡಲು, ಹಡಲಿಗೆ, ಹಡಲಿನಲ್ಲಿ ಎಂದರೆ ಅದು ನಮ್ಮ ಪದಗಳ ಸಾಲಿನಲ್ಲಿ ಕಡಲು, ಒಡಲುಗಳ ಪಕ್ಕ ಹೋಗಿ ಕೂರುತ್ತದೆ. ಒಡಲೆಂದರೆ ಅಮರಸಿಂಹನು ಕೋಷ್ಠಕ್ಕೆ ಕೊಟ್ಟ ಮೂರರಲ್ಲಿ ಮೊದಲನೆಯದು.